ಇರುಳುಗಲ್ಲಿನ ಆಚೆ ಈಚೆ

ಊಟಿಯಿಂದ ಕೆಳಗಿಳಿಯುವ ಕಲ್ಹಟ್ಟಿ ಇಳುಕಲಿನಲ್ಲಿ, ಮೇಲಿನ ಹಟ್ಟಿಗೂ ಕೆಳಗಿನ ಮಸಿನಗುಡಿ ಕಾಡಿಗೂ ನಡುವೆ, ಆಳೆತ್ತರದ ಒಂದು ಕರಿಗಲ್ಲು ನಿಂತಿದೆ. ಹಟ್ಟಿಯವರು ಅದನ್ನು ಇರುಳುಗಲ್ಲು ಎನ್ನುತ್ತಾರೆ. ಹಗಲಲ್ಲಿ ಎಷ್ಟು ಕೆಳಗಿಳಿದರೂ ಹೊತ್ತು ಮುಳುಗುವ ಮುಂಚೆ ಕಲ್ಲು ದಾಟಿ ಮೇಲೆ ಬಂದುಬಿಡಬೇಕು. ಕೆಳಗೆ ಮಲಗಿದವರಿಗೆ ಚಳಿಜ್ವರ ತಪ್ಪದು. ಮೇಲೆ ಮಲಗಿದವರಿಗೆ ಅದು ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಹಾಗಾಗಿ ಲಿಂಗಿಯ ಸೊಸೆ ಅಕ್ಕಮ್ಮ ದಿನ ಬಿಟ್ಟು ದಿನ ಕಂಬಳಿಯಡಿ ಗಡಗಡ ನಡುಗತೊಡಗಿದಾಗ ಹಟ್ಟಿಗೆ ಹೊಳೆದದ್ದು ಒಂದೇ ಅರ್ಥ. ಗಂಡ ಊಟಿಯಾಚೆಯ ವೆಲ್ಲಿಂಗ್ಟನ್ನಿನಲ್ಲಿ ಕೆಲಸಕ್ಕಿದ್ದಾನೆ, ಇವಳು ಕೆಳಗೆ ರಸ್ತೆ ಕೆಲಸಕ್ಕೆ ಹೋಗುತ್ತಾಳೆ. ಕೂಲಿಗಳ ಗುಡಿಸಲಲ್ಲಿ ಎಂದೋ ಒಂದಿರುಳು ಉಳಿದಿರಬೇಕು.

ಹಟ್ಟಿಯ ಹಿರಿಯ ಧರ್ಮಲಿಂಗ ಗೌಡರು ಕೂಟ ಸೇರಿಸಿದರು.

“ಸೋಮವಾರದೊಳಗೆ ತಪ್ಪು ಒಪ್ಪಿಕೊಳ್ಳಲಿ. ಇಲ್ಲವಾದರೆ ತಾಯಿಮನೆಗೆ ಕಳಿಸು, ಲಿಂಗಿ.”

“ಬಸುರಿಯನ್ನ ಎಲ್ಲಿಗೆ ಕಳಿಸಲಿ, ಮಾವಾ? ದಿನಾ ಸಂಜೆ ಎನ್ನ ಜೊತೆಗೇ ಕಲ್ಲು ದಾಟಿದವಳು. ಎನ್ನ ಪಕ್ಕದಲ್ಲೇ, ಎನ್ನ ಗೊರಕೆಗೆ ಬೈದುಕೊಂಡು ಮಲಗುವವಳು.”

ಯಾರೋ ನಕ್ಕರು. ಗೌಡರು ನಗಲಿಲ್ಲ.

“ಹಂಗಾದರೆ ಜ್ವರ ಮೇಲೆ ಹತ್ತಿದ್ದು ಹೇಗೆ? ಅದಕ್ಕೇನು ಕಾಲು ಬಂತೋ?”

“ರೆಕ್ಕೆ ಬಂತು. ಕಲ್ಲಿನ ಕೆಳಗೆ ಕಾಡು ಕಡಿದು, ರಸ್ತೆಗೆ ಅಂತ ಮಣ್ಣು ತೋಡಿ ಗುಂಡಿ ಬಿಟ್ಟಿದ್ದಾರೆ. ಅದರಲ್ಲಿ ನಿಂತ ನೀರು, ನೀರಿಗೆ ಸೊಳ್ಳೆ, ಸೊಳ್ಳೆಯಿಂದ ಜ್ವರ. ಊಟಿ ಆಸ್ಪತ್ರೆಯಿಂದ ಮಾತ್ರೆ ತಂದ ಡ್ರೆಸ್ಸರು ನಿಮ್ಮೆಲ್ಲರ ಎದುರೇ ಹೇಳಿ ಹೋಗಲಿಲ್ಲವೋ?”

“ಸೊಳ್ಳೆ ಎನ್ನ ಅಜ್ಜನ ಕಾಲದಲ್ಲೂ ಇತ್ತು.”

“ಗುಂಡಿ ಇತ್ತೋ?”

ಗೌಡರು ಕೋಲು ಊರಿ ಎದ್ದರು. ಕೂಟ ಮುಗಿಯಿತು.

ಮರುದಿನ ಲಿಂಗಿ ಕೆಲಸಕ್ಕೆ ಇಳಿದಳು, ಆದರೆ ಕಲ್ಲು ಹೊರಲಿಲ್ಲ. ರಸ್ತೆಗೆಂದು ರಾಶಿ ಹಾಕಿದ್ದ ಮಣ್ಣನ್ನು ಗುದ್ದಲಿಯಲ್ಲಿ ಎಳೆದು ಬುಟ್ಟಿ ತುಂಬಿ ಗುಂಡಿಗೆ ಸುರಿಯತೊಡಗಿದಳು. ಗೂಡಲೂರಿನ ಕಡೆಯ ಮಲಯಾಳಿ ಮೇಸ್ತ್ರಿ ಚಂದ್ರನ್ ಓಡಿ ಬಂದ.

“ಅಯ್ಯೋ ಚೇಚಿ, ಅದು ರಸ್ತೆಯ ಮಣ್ಣು!”

“ತೋಡಿದ್ದು ಈ ಗುಂಡಿಯಿಂದಲೇ. ತಿರುಗಿ ಮನೆಗೆ ಹೋಗ್ತಿದೆ.”

“ಕೂಲಿ ಸಿಗೋದಿಲ್ಲ. ದೊರೆ ಬಂದರೆ ನಾನು ಏನು ಹೇಳಲಿ?”

“ಒಬ್ಬಳಿಗೆ ಹುಚ್ಚು ಹಿಡಿದಿದೆ ಅನ್ನು. ನಿನ್ನ ಮಾತು ಸುಳ್ಳಾಗದಂತೆ ನಾನು ನೋಡಿಕೊಳ್ತೇನೆ.”

ಅವನು ಬುಟ್ಟಿ ಕಿತ್ತುಕೊಂಡು ಹೋದ. ಲಿಂಗಿ ಮಡಿಲಿನ ಬಟ್ಟೆಯಲ್ಲಿ ಮಣ್ಣು ತುಂಬಿಕೊಂಡಳು. ಬಿಳಿ ಬಟ್ಟೆ ಸಂಜೆಗೆ ಕೆಮ್ಮಣ್ಣಿನ ಬಣ್ಣವಾಯಿತು. ಅಂದಿನಿಂದ ಅವಳು ದಿನಾ ಹೋದಳು. ಉಳಿದ ಹೆಂಗಸರು ತಲೆಯ ಮೇಲೆ ಕಲ್ಲು ಹೊತ್ತು, ಅವಳ ಕಡೆ ನೋಡದೆ ಹಾದುಹೋದರು. ಮನೆಯಲ್ಲಿ ಅಕ್ಕಮ್ಮ ಒಂದು ದಿನ ನಡುಗಿ ಮರುದಿನ ಗಂಜಿ ಕುಡಿದು ಕೂರುತ್ತಿದ್ದಳು.

ಭಾನುವಾರ ಹೊತ್ತು ಇಳಿಯುವಾಗ ಗೌಡರು ಇರುಳುಗಲ್ಲಿನ ತನಕ ಬಂದರು. ಅಲ್ಲಿಂದ ಕೆಳಗೆ ಹೆಜ್ಜೆ ಇಡಲಿಲ್ಲ.

“ಹೊತ್ತು ಮುಳುಗಿತು. ಮೇಲೆ ಬಾ.”

“ಈ ಗುಂಡಿ ಮುಚ್ಚಿ ಬರ್ತೇನೆ.”

“ಕಲ್ಲಿನ ಕೆಳಗಿದ್ದೀಯ ನೀನು. ಜ್ವರ ಬಂದರೆ?”

“ಎನ್ನ ಮೇಲೂ ಕೂಟ ಸೇರಿಸಿ. ಈ ಮುದುಕಿ ಯಾರ ಗುಡಿಸಲಿಗೆ ಹೋಗಿದ್ದಳು ಅಂತ ಊರೆಲ್ಲ ಕೂತು ಯೋಚಿಸಲಿ.”

ಗೌಡರು ಬೈಯಲು ಬಾಯಿ ತೆರೆದವರು ಪಟ್ಟೆಂದು ತಮ್ಮ ಕುತ್ತಿಗೆಗೇ ಹೊಡೆದುಕೊಂಡರು. ಆಮೇಲೆ ಕಿವಿಗೆ. ಲಿಂಗಿ ಗುದ್ದಲಿ ನಿಲ್ಲಿಸಿದಳು.

“ಮಾವಾ, ನೀವು ನಿಂತಿರೋದು ಕಲ್ಲಿನ ಮೇಲಿನ ಬದೀಲಿ.”

ಗೌಡರು ಅಂಗೈಯನ್ನು ಉಳಿದ ಬೆಳಕಿಗೆ ಹಿಡಿದು ನೋಡಿದರು. ಜಜ್ಜಿದ ಸೊಳ್ಳೆ, ರಕ್ತದ ಒಂದು ಚುಕ್ಕೆ. ಕಲ್ಲನ್ನು ನೋಡಿದರು. ಅದು ಇದ್ದಲ್ಲೇ ಇತ್ತು.

“ಅಕ್ಕಮ್ಮ ಎಲ್ಲಿಗೂ ಹೋಗೋದಿಲ್ಲ,” ಎಂದಳು ಲಿಂಗಿ. ಅಪ್ಪಣೆ ಕೇಳಿದ ಹಾಗಿರಲಿಲ್ಲ. ಉತ್ತರಕ್ಕೆ ಕಾಯದೆ ಮತ್ತೆ ಬಾಗಿ ಮಣ್ಣೆಳೆದಳು.

ಗೌಡರು ಹಟ್ಟಿಯ ಕಡೆ ತಿರುಗಲಿಲ್ಲ. ಕೋಲನ್ನು ಕಲ್ಲಿಗೆ ಒರಗಿಸಿಟ್ಟು ಕೇಳಿದರು.

“ಇನ್ನು ಎಷ್ಟಿವೆ?”

“ಗುಂಡಿ ಬೇಕಾದಷ್ಟಿವೆ. ಗುದ್ದಲಿ ಒಂದೇ ಇದೆ.”