ಒಂಬತ್ತನೇ ಪುಟ ಅತ್ತೆಯ ಕೈಗೆ ಸಿಕ್ಕಿದ್ದು

ಬರೆಯಲು ಪುರುಸೊತ್ತಿಲ್ಲ ಎಂದು ಹನ್ನೆರಡು ವರ್ಷ ಹೇಳಿಕೊಂಡು ಓಡಾಡಿದೆ. ಅದರಲ್ಲಿ ಅರ್ಧ ನಿಜ, ಅರ್ಧ ಸೋಮಾರಿತನ. ಒಮ್ಮೆ ಹಟ ಹಿಡಿದು ಬೆಳಗ್ಗೆ ಐದಕ್ಕೇ ಎದ್ದು ಊಟದ ಮೇಜಿನ ಮುಂದೆ ಕೂತೆ. ಅತ್ತೆ ಬಂದು ನನ್ನ ಹಣೆ ಮುಟ್ಟಿ ನೋಡಿ, "ಜ್ವರ ಇಲ್ವಲ್ಲ, ಮತ್ಯಾಕೆ ಹೀಗೆ ಕೂತಿದೀಯ?" ಎಂದರು. ನಾನು ಸುಮ್ಮನೆ ಕೂತಿರುವ ಸುದ್ದಿ ಮನೆಯಿಡೀ ಹರಡಿತು. ಮಗಳಿಗೆ ಕಾಲುಚೀಲ ಸಿಗಲಿಲ್ಲ. ಗಂಡನಿಗೆ ಫ್ರಿಜ್ಜಿನಲ್ಲಿ ಕಣ್ಣೆದುರಿಗೇ ಇದ್ದ ಹಾಲು ಸಿಗಲಿಲ್ಲ. ಆ ದಿನಕ್ಕೆ ಆ ಅಭ್ಯಾಸ ಮುಗಿಯಿತು.

ನಾನು ಹಲ್ಲಿನ ಡಾಕ್ಟರು. ಹಲ್ಲು ಕೀಳುವ ಮುಂಚೆ ಒಸಡು ಮರಗಟ್ಟಲು ಇಂಜೆಕ್ಷನ್ ಕೊಡುತ್ತೇವಲ್ಲ, ಅದು ಹಿಡಿಯಲು ಏಳೆಂಟು ನಿಮಿಷ ಬೇಕು. ಅಷ್ಟು ಹೊತ್ತು ಕುರ್ಚಿಯಲ್ಲಿದ್ದವರು ತುಟಿ ದಪ್ಪವಾಯಿತೇ ಎಂದು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿರುತ್ತಾರೆ. ನಾನು ಪಕ್ಕದ ಕೋಣೆಯಲ್ಲಿ ಫೋನ್ ನೋಡುತ್ತಿದ್ದೆ. ಒಂದು ದಿನ ಫೋನ್ ಸತ್ತಿತ್ತು. ಎದುರಿಗೆ 'ಹಲ್ಲು ಕಿತ್ತ ಮೇಲೆ ಏನು ಮಾಡಬೇಕು' ಎಂದು ಅಚ್ಚು ಹಾಕಿಸಿದ ಹಾಳೆಗಳ ಕಟ್ಟಿತ್ತು. ಒಂದನ್ನು ಎಳೆದು ಖಾಲಿ ಬೆನ್ನಿನ ಮೇಲೆ ನಾಲ್ಕು ಸಾಲು ಗೀಚಿದೆ. ಮಾರನೆಯ ದಿನವೂ ಗೀಚಿದೆ. ಸಿಸ್ಟರ್ ಬಾಗಿಲಲ್ಲಿ ನಿಂತು "ಮೇಡಂ, ಹಿಡೀತು" ಎಂದರೆ ವಾಕ್ಯ ಎಲ್ಲಿದ್ದರೆ ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದೆ. ಹೀಗೆ ಎರಡು ತಿಂಗಳಲ್ಲಿ ಊರಿನವರ ಹಲ್ಲುಗಳ ಕೃಪೆಯಿಂದ ಹನ್ನೊಂದು ಪುಟ ಆಯಿತು.

ಕಥೆ ಒಬ್ಬ ಸೊಸೆಯದು. ಒಂಬತ್ತನೇ ಪುಟದಲ್ಲಿ ಅವಳ ಅತ್ತೆ ಬರುತ್ತಾಳೆ. ಸೊಸೆ ತೊಳೆದಿಟ್ಟ ತಟ್ಟೆಯನ್ನು ಮೂಸಿ ನೋಡಿ ಮತ್ತೆ ತೊಳೆಯುವವಳು, ಹೊಗಳಬೇಕಾಗಿ ಬಂದರೆ ಕೆಮ್ಮುವವಳು. ಇದೆಲ್ಲ ಬರೀ ಕಲ್ಪನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಮ್ಮ ಅತ್ತೆಯನ್ನು ಬಲ್ಲ ಯಾರೂ ಅದನ್ನು ನಂಬುತ್ತಿರಲಿಲ್ಲ.

ಆ ಶನಿವಾರ ಮಧ್ಯಾಹ್ನ ಕೊನೆಯ ಪೇಷಂಟು ಅತ್ತೆಯೇ. ದವಡೆ ಹಲ್ಲು ಕಿತ್ತೆ. ಹತ್ತಿ ಕಚ್ಚಿಸಿ, "ಒಂದು ಗಂಟೆ ಬಾಯಿ ತೆರೀಬೇಡಿ, ಮಾತಂತೂ ಬೇಡ್ವೇ ಬೇಡ" ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ನಾನು ಹೀಗೆ ಹೇಳಿದ್ದು ಅದೇ ಮೊದಲು, ಸ್ವಲ್ಪ ಖುಷಿಯಾಗಿಯೇ ಹೇಳಿದೆ. ಸಿಸ್ಟರ್ ಕಟ್ಟಿನ ಮೇಲಿನ ಹಾಳೆ ತೆಗೆದು ಅತ್ತೆಯ ಕೈಗೆ ಕೊಟ್ಟರು. ಗಂಡ ಅವರನ್ನು ಮನೆಗೆ ಕರೆದುಕೊಂಡು ಹೋದರು.

ಕೈ ತೊಳೆದು ಬಂದು ಕಥೆಗೆ ಎರಡು ಸಾಲು ಸೇರಿಸೋಣವೆಂದು ಡ್ರಾಯರ್ ತೆಗೆದರೆ ಎಂಟನೇ ಪುಟ ಆದ ಮೇಲೆ ಹತ್ತನೆಯದಿತ್ತು.

"ಈಗ ಸ್ವಲ್ಪ ಮುಂಚೆ ಒರೆಸುವಾಗ ಒಂದು ಹಾಳೆ ಕೆಳಗೆ ಬಿದ್ದಿತ್ತು ಮೇಡಂ," ಎಂದರು ಸಿಸ್ಟರ್. "ಹೊಸದು ಅಂದ್ಕೊಂಡು ಕಟ್ಟಿನ ಮೇಲಿಟ್ಟೆ."

ನನ್ನ ಜೀವ ಬಾಯಿಗೆ ಬಂತು. ಅತ್ತೆ ಅದನ್ನು ಓದಿದರೆ ಮನೆಯ ನೆಮ್ಮದಿಗಾಗಿ ನಾನೇ ಕಥೆಯನ್ನು ಹರಿದು ಹಾಕುತ್ತೇನೆ, ಇನ್ನು ಮುಂದೆ ಪೆನ್ನು ಮುಟ್ಟುವುದೂ ಇಲ್ಲ. ನನ್ನ ಪುಕ್ಕಲುತನ ನನಗೆ ಗೊತ್ತಿಲ್ಲವೇ? ಬಿಳಿ ಕೋಟು ಬಿಚ್ಚುವುದನ್ನೂ ಮರೆತು ಓಡಿದೆ.

ಅತ್ತೆ ಊಟದ ಮೇಜಿನ ಮುಂದೆ ಊದಿದ ಕೆನ್ನೆ ಹೊತ್ತು ಕೂತಿದ್ದರು. ಹಾಳೆ ಮಗುಚಿತ್ತು, ನನ್ನ ಕೈಬರಹ ಮೇಲಿತ್ತು.

"ಅತ್ತೆ, ಅದು ಬೇರೆ ಯಾರದ್ದೋ..." ಎಂದೆ.

ಅವರು ಒಂದು ಬೆರಳೆತ್ತಿದರು. ನನ್ನ ಕೋಟಿನ ಜೇಬಿನಿಂದ ಪೆನ್ನು ಎಳೆದುಕೊಂಡು ಪುಟದ ಕೆಳಗೆ ಬರೆಯತೊಡಗಿದರು. ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಕೊನೆಗೆ ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

'ತಟ್ಟೆ ಮೂಸುವುದು ನಿಜ. ನಾನು ಈ ಮನೆಗೆ ಬಂದ ಹೊಸದರಲ್ಲಿ ನನ್ನ ಅತ್ತೆ ನೆಂಟರ ಎದುರಿಗೆ ನಾನು ತೊಳೆದ ತಟ್ಟೆ ಮೂಸಿ, ಮಾತಾಡದೆ ಪಕ್ಕಕ್ಕಿಟ್ಟರು. ಅವತ್ತಿನಿಂದ ಬೇರೆ ಯಾರೂ ಮೂಸುವ ಮುಂಚೆ ನಾನೇ ಮೂಸುತ್ತೇನೆ. ಇದನ್ನು ನೀನು ಬರೆದಿಲ್ಲ. ಜಾಗ ಮುಗಿಯಿತು, ಇನ್ನೊಂದು ಹಾಳೆ ಕೊಡು.'

ನನ್ನ ಹನ್ನೊಂದು ಪುಟಗಳಲ್ಲಿ ಇಷ್ಟು ಗಟ್ಟಿಯಾದದ್ದು ಒಂದೂ ಇರಲಿಲ್ಲ. ಮೊದಲು ಹೊಟ್ಟೆ ಉರಿಯಿತು. ಆಮೇಲೆ ನಾಚಿಕೆಯಾಯಿತು. ಒಂದೇ ಸೂರಿನ ಕೆಳಗಿದ್ದು ನಾನು ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಮಗಳ ಹಳೆಯ ನೋಟ್‌ಬುಕ್ ತಂದುಕೊಟ್ಟೆ. ಅತ್ತೆ ತಲೆ ಎತ್ತದೆ ಬರೆಯುತ್ತ ಹೋದರು. ಮಗಳು ಓಡಿ ಬಂದಳು.

"ಅಜ್ಜಿ, ಕತ್ತರಿ ಎಲ್ಲಿ?"

"ಅಜ್ಜಿ ಬರೀತಾ ಇದ್ದಾರೆ ಪುಟ್ಟಿ, ತೊಂದ್ರೆ ಕೊಡ್ಬೇಡ," ಎಂದೆ.

ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಹೊಸದಾಗಿ ಕೇಳಿಸಿತು. ಈ ಮನೆಯಲ್ಲಿ ನನ್ನ ಪರವಾಗಿ ಅದನ್ನು ಯಾರೂ ಆಡಿರಲಿಲ್ಲ. ಆಡಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ, ನಿಜ. ಅತ್ತೆ ನನ್ನನ್ನು ಒಂದು ಗಳಿಗೆ ನೋಡಿ, ಎದುರಿನ ಕುರ್ಚಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು. ಕೂತೆ. ಇನ್ನೊಂದು ಪೆನ್ನು ಹುಡುಕಿ ಒಂಬತ್ತನೇ ಪುಟವನ್ನು ಮೊದಲಿನಿಂದ ಬರೆಯಲು ಶುರುಮಾಡಿದೆ.

ಐದು ಸಾಲು ಆಗಿರಬೇಕು, ಅಡುಗೆಮನೆಯಿಂದ ಗಂಡನ ದನಿ ಬಂತು.

"ಏ, ಬಾ ಇಲ್ಲಿ. ಅನ್ನ ಆಯ್ತೋ ಇಲ್ವೋ ಹೇಗೆ ಗೊತ್ತಾಗುತ್ತೆ?"

ಕಾಲು ತಾನಾಗಿ ನೆಲಕ್ಕೂರಿತು, ಅರ್ಧ ಎದ್ದೂ ಆಯಿತು. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಇನ್ನೊಂದು ಕೈಯಿಂದ ಬಾಯೊಳಗಿನ ಹತ್ತಿ ತೆಗೆದು, ಮರಗಟ್ಟಿದ ತುಟಿಯಲ್ಲೇ ತೊದಲುತ್ತ ಕೂಗಿ ಹೇಳಿದರು:

"ನಿನ್ ಹೆಂಡ್ತಿ ಬರೀತಾ ಇದ್ದಾಳೆ ಕಣೋ. ಮುಚ್ಚಳ ತೆಗೆದು ನೋಡು, ಗೊತ್ತಾಗುತ್ತೆ."

ಗಂಟೆ ತುಂಬಲು ಇನ್ನೂ ಹದಿನೈದು ನಿಮಿಷ ಇತ್ತು. ಡಾಕ್ಟರಾಗಿ ನಾನು ಅವರನ್ನು ಗದರಿಸಬೇಕಿತ್ತು. ತಲೆ ತಗ್ಗಿಸಿ ಆರನೇ ಸಾಲು ಬರೆದೆ.