ಫ್ರಿಜ್ಜಿನ ಪೆಟ್ಟಿಗೆ ಓಡಿದ್ದು

ನಾನು ಒಂದು ರಟ್ಟಿನ ಪೆಟ್ಟಿಗೆ. ಮಿಠಾಯಿ ಅಂಗಡಿಯಲ್ಲಿ ಕೊಡುವ ಪುಟ್ಟ ಡಬ್ಬಿ ಎಂದುಕೊಳ್ಳಬೇಡಿ. ನಾನು ಫ್ರಿಜ್ಜಿನ ಪೆಟ್ಟಿಗೆ. ಎದ್ದು ನಿಂತರೆ ಮನೆಯ ಯಜಮಾನನ ಹೆಗಲಿಗೆ ಬರುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ರಟ್ಟು ಎಂದ ಕೂಡಲೇ ಜನ ಮೂಗು ಮುರಿಯುತ್ತಾರೆ.

ನಾನು ಹುಟ್ಟಿದ್ದು ಒಂದು ರಟ್ಟಿನ ಕಾರ್ಖಾನೆಯಲ್ಲಿ. ಹಳೆಯ ಪತ್ರಿಕೆ, ಮಕ್ಕಳು ಬರೆದು ಬಿಸಾಕಿದ ಹಾಳೆ, ಮುಗಿದುಹೋದ ಮದುವೆಗಳ ಕರೆಯೋಲೆ, ಎಲ್ಲವನ್ನೂ ನೀರಿನಲ್ಲಿ ನೆನೆಸಿ, ಅರೆದು, ಒಣಗಿಸಿ, ಪದರದ ಮೇಲೆ ಪದರ ಅಂಟಿಸಿ ನನ್ನನ್ನು ಮಾಡಿದರು. ಹಾಗಾಗಿ ನನ್ನ ಮೈಯಲ್ಲಿ ಸ್ವಲ್ಪ ಮಗ್ಗಿಯೂ ಇದೆ, ಸ್ವಲ್ಪ ಮದುವೆಯೂ ಇದೆ. ಕೊನೆಗೆ ಹೊಟ್ಟೆಯ ಮೇಲೆ ಮೂರು ಚಿತ್ರ ಒತ್ತಿದರು. ಮೇಲ್ಮುಖದ ಬಾಣ, ಗಾಜಿನ ಲೋಟ, ಬಿಚ್ಚಿದ ಛತ್ರಿ. ನೀರು ತಾಗಿಸಬೇಡಿ ಎಂಬುದು ಛತ್ರಿಯ ಅರ್ಥ. ನೀರಿನಲ್ಲೇ ಹುಟ್ಟಿದ ನನಗೆ ನೀರೇ ಶತ್ರು, ಏನು ಹೇಳುವುದು.

ಒಂದು ಬಿಳಿ ಫ್ರಿಜ್ಜನ್ನು ಅಪ್ಪಿಕೊಂಡು ಲಾರಿಯಲ್ಲಿ ಹುಬ್ಬಳ್ಳಿಗೆ ಬಂದೆ. ದಾರಿಯುದ್ದಕ್ಕೂ ಅದಕ್ಕೆ ಒಂದು ಗೀರೂ ಆಗದಂತೆ ಕಾಪಾಡಿದೆ. ಅಂಗಡಿಯಿಂದ ಅದನ್ನು ಗಿರಾಕಿಯ ಮನೆಗೆ ಮುಟ್ಟಿಸಿದವನು ಮಹಾಂತೇಶ. ಅಂಗಡಿಯ ಸಣ್ಣ ಟೆಂಪೋ ಓಡಿಸುವ ಚಾಲಕ ಅವನು. ಆ ಮನೆಯಲ್ಲಿ ನನ್ನ ಪಟ್ಟಿ ಕತ್ತರಿಸಿದ್ದೇ ತಡ, ಫ್ರಿಜ್ಜು ಒಂದು ಮಾತೂ ಆಡದೆ ಅಡುಗೆಮನೆಗೆ ಹೋಗಿ ನಿಂತಿತು. ಮನೆಯಾಕೆ ನನ್ನನ್ನು ತೋರಿಸಿ, "ಇದನ್ನೂ ಒಯ್ದುಬಿಡ್ರಿ, ಇಡಾಕ ಜಾಗಾ ಇಲ್ಲ" ಎಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬುದು ಅಂದು ನನಗೆ ಚೆನ್ನಾಗಿ ತಿಳಿಯಿತು.

ಖಾಲಿ ಪೆಟ್ಟಿಗೆಗಳನ್ನು ಮಹಾಂತೇಶ ಸಾಮಾನ್ಯವಾಗಿ ರದ್ದಿಯವನಿಗೆ ಹಾಕುತ್ತಿದ್ದ. ನನ್ನನ್ನು ಮಾತ್ರ ಸುತ್ತಲೂ ತಿರುಗಿ ನೋಡಿದ, ಬೆನ್ನು ತಟ್ಟಿದ, ಟೆಂಪೋದಲ್ಲಿ ಮಲಗಿಸಿ ಹಗ್ಗ ಬಿಗಿದ. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿರುವ ಅವನ ಎರಡು ಕೋಣೆಯ ಮನೆಗೆ ನಾನು ಬಂದಿಳಿದದ್ದು ಹೀಗೆ.

ಆ ಮನೆಯಲ್ಲಿ ನಾಲ್ಕು ಜನ. ಮಹಾಂತೇಶ, ಬ್ಲೌಸು ಹೊಲಿಯುವ ಅವನ ಹೆಂಡತಿ ಸುಮಂಗಲಾ, ಅವನ ತಾಯಿ ಬಸಲಿಂಗವ್ವ, ಮತ್ತು ಮಗಳು ವೈಭವಿ. ಮುಂದಿನ ಭಾನುವಾರ ವೈಭವಿಗೆ ಏಳು ತುಂಬುವುದಿತ್ತು. ಹುಡುಗಿಗೆ ರೇಸ್ ಕಾರಿನ ಹುಚ್ಚು. ಟಿ.ವಿ.ಯಲ್ಲಿ ಕಾರು ತಿರುವು ತೆಗೆದುಕೊಂಡರೆ ಇವಳೂ ಚಾಪೆಯ ಮೇಲೆ ವಾಲುತ್ತಿದ್ದಳು.

ನನ್ನನ್ನು ತಂದದ್ದರ ಹಿಂದೆ ಒಂದು ಕಥೆಯಿತ್ತು. ಅದು ಆ ರಾತ್ರಿ ಊಟದ ಹೊತ್ತಿಗೆ ನನಗೆ ತಿಳಿಯಿತು. ವೈಭವಿಯ ತರಗತಿಯ ತನ್ಮಯ ಎಂಬ ಹುಡುಗನ ಹುಟ್ಟುಹಬ್ಬ ಈಚೆಗೆ ದೊಡ್ಡ ಹಾಲ್‌ನಲ್ಲಿ ನಡೆದಿತ್ತು. ಬಲೂನಿನ ಕಮಾನು, ಎರಡಂತಸ್ತಿನ ಕೇಕು. ಅಲ್ಲಿ ಯಾರೋ, "ನಿನ್ನ ಬರ್ಥ್‌ಡೇಕ್ಕ ಏನ್ ಮಾಡ್ತಿ?" ಎಂದು ಕೇಳಿದ್ದಾರೆ. ನಮ್ಮ ಹುಡುಗಿ ಹಿಂದೆಮುಂದೆ ನೋಡದೆ, "ನಮ್ಮ ಮನ್ಯಾಗ ರೇಸ್ ಕಾರ್ ಐತಿ. ಬಂದವರನ್ನೆಲ್ಲಾ ಕೂಡಿಸಿ ಓಡಸ್ತೀನಿ" ಎಂದುಬಿಟ್ಟಿದ್ದಾಳೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನವೇ ಇಡೀ ತರಗತಿ ಬರಲು ಸಿದ್ಧವಾಗಿ ಕೂತಿತ್ತು. ಕಾರು ಓಡದಿದ್ದರೆ ಅವಳನ್ನು ಇನ್ನು ಮುಂದೆ ಎಲ್ಲರೂ ಸುಳ್ಳಬುರುಕಿ ಎಂದೇ ಕರೆಯುವುದಾಗಿ ತನ್ಮಯ ಸಾರಿದ್ದ. ಹುಡುಗಿ ಅಪ್ಪನ ಅಂಗಿಯಲ್ಲಿ ಮುಖ ಹುದುಗಿಸಿ ಅತ್ತು ಇದನ್ನೆಲ್ಲ ಹೇಳಿದ್ದಳು.

"ಸುಳ್ಳು ಹೇಳಿದ್ದು ತಪ್ಪು ಅಂತ ಮೊದಲ ಹೇಳ್ರಿ ಆಕಿಗೆ" ಎಂದಳು ಸುಮಂಗಲಾ.

"ಹೇಳೀನಿ. ಆದ್ರ ಅಷ್ಟು ಮಂದಿ ಮುಂದ ಆಕಿ ಮಾರಿ ಸಣ್ಣದಾಗೂದು ನನಗ ನೋಡಾಕ ಆಗಂಗಿಲ್ಲ."

"ನನಗೇನು ಆಗತೈತಿ ಅಂತ ಮಾಡೀರಿ? ಆದ್ರ ಒಂದು ಮಾತು. ರೊಕ್ಕಾ ಕೊಟ್ಟು ಹೊರಗಿಂದ ಸಾಮಾನು ತರಂಗಿಲ್ಲ. ಮನ್ಯಾಗ ಏನೈತಿ, ಅದರಾಗ ಆಗಬೇಕು."

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಅಲ್ಲಿ ಹಾಸಿಗೆ ನಾನೇ ಆಗಿದ್ದೆ. ನನ್ನ ಉದ್ದವೇ ಕಾರಿನ ಉದ್ದ. ಮಲಗಿಸಿ, ಮೇಲಿನ ಮೈ ಕತ್ತರಿಸಿ ಮಕ್ಕಳು ಕೂರಲು ಬಾಯಿ ಮಾಡಿದರು. ಮೂತಿಯನ್ನು ಮಡಚಿ ಚೂಪು ಮಾಡಿದರು. ಹೊಸ್ತಿಲಿಗೆ ಬಳಿದು ಉಳಿದಿದ್ದ ಕೆಂಪು ಎಣ್ಣೆಬಣ್ಣ ನನ್ನ ಹೊರಮೈಗೆ ಸಾಕಾಯಿತು, ಒಳಮೈಗೆ ಸಾಲಲಿಲ್ಲ. ಒಳಗೆ ಯಾರು ನೋಡುತ್ತಾರೆ ಎಂದು ಬಿಟ್ಟರು. ಊಟದ ಕಾಗದದ ತಟ್ಟೆಗಳು ಕಪ್ಪು ಬಳಿಸಿಕೊಂಡು ಗಾಲಿಗಳಾದವು. ಸುಮಂಗಲಾ ಕೇಕನ್ನು ಕುಕ್ಕರಿನಲ್ಲೇ ಮಾಡುವವಳು. ಅದಕ್ಕೆ ಕುಕ್ಕರಿನ ರಬ್ಬರ್ ಉಂಗುರ ಬೇಡ, ಹಾಗಾಗಿ ಆ ಉಂಗುರ ನನ್ನ ಸ್ಟೇರಿಂಗಾಯಿತು. ಹರಿದ ಛತ್ರಿಯ ಕಪ್ಪು ಬಟ್ಟೆ, ಹಳೆಯ ಧೋತರದ ಬಿಳಿ ಬಟ್ಟೆ ಸೇರಿಸಿ ಚೌಕಚೌಕದ ರೇಸಿನ ಬಾವುಟ ಹೊಲಿದಳು. ನೀರಿನ ಹಳೆಯ ಡ್ರಮ್ಮು ತಿಕ್ಕಿಸಿಕೊಂಡು, ಲಿಂಬೂ ಶರಬತ್ತು ತುಂಬಿಸಿಕೊಂಡು ಪೆಟ್ರೋಲ್ ಬಂಕಾಗಲು ಸಿದ್ಧವಾಯಿತು. ತಿನ್ನಲು ಗಿರ್ಮಿಟ್, ಅದನ್ನು ಯಾರೂ ಹೇಳಬೇಕಾಗಿಯೇ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಚುರುಮುರಿ ಇಲ್ಲದ ಸಂಭ್ರಮವುಂಟೇ?

ಈ ಎಲ್ಲ ಗಡಿಬಿಡಿಯಲ್ಲಿ ನಾನು ಓಡುವುದು ಹೇಗೆ ಎಂಬುದಕ್ಕೆ ಮಾತ್ರ ಯಾರ ಬಳಿಯೂ ಉತ್ತರವಿರಲಿಲ್ಲ. ಮಹಾಂತೇಶ ಹಗ್ಗ ಕಟ್ಟಿ ಎಳೆದು ನೋಡಿದ. ನಾನು ಅರ್ಧ ಮೊಳ ತೆವಳಿ ನಿಂತೆ. ಶನಿವಾರ ಸಂಜೆ ಎಲ್ಲರೂ ಬೇರೆ ಕೆಲಸದಲ್ಲಿದ್ದಾಗ ವೈಭವಿ ನನ್ನೊಳಗೆ ಬಂದು ಕೂತು, ರಬ್ಬರ್ ಉಂಗುರ ಹಿಡಿದು, "ಓಡಬೇಕು ನೋಡು" ಎಂದು ಪಿಸುಗುಟ್ಟಿದಳು. ಕಾಲಿಲ್ಲದವನಿಗೆ ಓಡು ಎಂದರೆ ಏನು ಮಾಡಲಿ? ನನಗೆ ನಿಜಕ್ಕೂ ಸಂಕಟವಾಯಿತು.

ಭಾನುವಾರ ಮಧ್ಯಾಹ್ನ ಮಹಾಂತೇಶ ಪಂಕ್ಚರ್ ಅಂಗಡಿಗೆ ಹೋದ. ಮಕ್ಕಳು ಕೂರಲೆಂದು ಹಳೆಯ ಟೈರುಗಳನ್ನು ಪುಕ್ಕಟೆ ಕೇಳಿ ತರುವುದಿತ್ತು. ಸುಮಂಗಲಾ ಒಲೆಯ ಮುಂದೆ, ವೈಭವಿ ಸ್ನಾನಕ್ಕೆ. ನನ್ನನ್ನು ಬಾಗಿಲ ಮುಂದೆ ಕಟ್ಟೆಯ ಪಕ್ಕ ನಿಲ್ಲಿಸಿದ್ದರು. ಆಗ ಬಸಲಿಂಗವ್ವಜ್ಜಿ ಹೊರಗೆ ಬಂದಳು.

ಈ ಅಜ್ಜಿಗೆ ಒಂದು ನೇಮವಿತ್ತು. ಮನೆಗೆ ಬಂದ ಯಾವ ಗಾಡಿಯನ್ನೂ ಪೂಜೆಯಾಗದೆ ಹತ್ತಗೊಡುವವಳಲ್ಲ. ಆಯುಧಪೂಜೆಯ ದಿನ ಮಗನ ಟೆಂಪೋವನ್ನು ತಾನೇ ನಿಂತು ತೊಳೆಸುವವಳು. ಕಾರು ಎಂದ ಮೇಲೆ ಕಾರು, ಅವಳ ಮಟ್ಟಿಗೆ ಮಾತು ಮುಗಿಯಿತು. ನನ್ನ ಮೂತಿಗೆ ವಿಭೂತಿ ಎಳೆದಳು, ಕುಂಕುಮ ಇಟ್ಟಳು, ಗಾಲಿಗೊಂದರಂತೆ ಲಿಂಬೆಹಣ್ಣು ಇಟ್ಟಳು. "ನನ್ನ ಮೊಮ್ಮಗಳ ಮಾನಾ ಉಳಸಪಾ" ಎಂದು ಕೈಮುಗಿದಳು. ಆ ಮಾತು ಕೇಳಿ ನನ್ನ ಮನಸ್ಸು ಕರಗಿತು. ಮೈಯೂ ಕರಗುವುದಿದೆ ಎಂದು ಗೊತ್ತಿರಲಿಲ್ಲ.

ಕಾಯಿ ಒಡೆದು ನೀರನ್ನು ನನ್ನ ಮೇಲೆ ಸುರಿದಳು. ಎಣ್ಣೆಬಣ್ಣವಿದ್ದುದರಿಂದ ಜಾರಿಹೋಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ತೊಳೆಯದೆ ಪೂಜೆ ಮಾಡಿದ್ದು ನೆನಪಾಗಿ, ತುಂಬಿದ ಕೊಡ ತಂದು ನನ್ನ ಬಾಯೊಳಗೇ ಹುಯ್ದಳು. ಬಣ್ಣವಿಲ್ಲದ ನನ್ನ ಒಳಮೈ ಗಟಗಟನೆ ಕುಡಿಯಿತು. ತಳ ಮೊದಲು ಮೆತ್ತಗಾಯಿತು, ಆಮೇಲೆ ಉಬ್ಬಿತು.

ಸುಮಂಗಲಾ ಸೌಟು ಹಿಡಿದೇ ಹೊರಗೋಡಿ ಬಂದಳು. "ಅತ್ತೀ! ಏನ್ ಮಾಡಿಬಿಟ್ರಿ! ಇದು ರಟ್ಟರೀ, ಟೆಂಪೋ ಅಲ್ಲ! ಇನ್ನ ಹುಡುಗ್ರು ಬರೂ ಹೊತ್ತಾತು."

ಅಜ್ಜಿಯ ಕೈಯಿಂದ ಕೊಡ ಜಾರಿತು. ಅಷ್ಟರಲ್ಲಿ ತಲೆಗೆ ಟವೆಲ್ ಸುತ್ತಿಕೊಂಡ ವೈಭವಿಯೂ ಬಾಗಿಲಿಗೆ ಬಂದಳು. ಅಜ್ಜಿ ಮೊಮ್ಮಗಳ ಮುಖ ನೋಡಿದಳು. ಸೆರಗು ಬಾಯಿಗೆ ಹಿಡಿದು ಹಿತ್ತಲಿಗೆ ಹೋದಳು.

ಮಹಾಂತೇಶ ಬಂದವನೇ ನನ್ನನ್ನು ಬಿಸಿಲಿಗೆ ತಿರುಗಿಸಿಟ್ಟ, ಬಟ್ಟೆಯಿಂದ ಒರೆಸಿದ, ಟೇಪು ಸುತ್ತಿದ. ಮಾರ್ಚಿನ ಬಿಸಿಲು ಕೈಲಾದಷ್ಟು ಮಾಡಿತು. ಬದಿಗಳು ಬಿಗಿಯಾದವು. ತಳ ಮಾತ್ರ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಉಳಿಯಿತು. ಅದು ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

ಮಕ್ಕಳು ಬಂದರು. ಟೈರುಗಳ ಮೇಲೆ ಕೂತು ಪೆಟ್ರೋಲ್ ಕುಡಿದರು, ಗಿರ್ಮಿಟ್ ತಿಂದರು, ಖಾರಕ್ಕೆ ಉಸ್ ಎಂದು ಮತ್ತೆ ಪೆಟ್ರೋಲ್ ಕುಡಿದರು. ಕೇಕು ಕತ್ತರಿಸಿದ್ದಾಯಿತು. ಆಮೇಲೆ ಎಲ್ಲರೂ ನನ್ನ ಸುತ್ತ ನೆರೆದರು.

"ಇದು ಡಬ್ಬಿ ಐತಿ" ಎಂದ ತನ್ಮಯ. "ಡಬ್ಬಿ ಎಲ್ಲರೆ ಓಡತೈತೇನ?"

ಎಲ್ಲರೂ ವೈಭವಿಯನ್ನು ನೋಡಿದರು. ಸುಮಂಗಲಾ ಬಾಗಿಲಲ್ಲಿ ಬಾವುಟ ಹಿಡಿದು ಕಲ್ಲಿನಂತೆ ನಿಂತಿದ್ದಳು. ಹುಡುಗಿ ನನ್ನ ಬಾಯೊಳಗೆ ಒಂದು ಕಾಲಿಟ್ಟಳು, ಇನ್ನೊಂದು ಇಟ್ಟಳು, ಕೂರಲು ಹೋದಳು. ಪಸಕ್ಕನೆ ಸದ್ದಾಯಿತು. ನನ್ನ ತಳ ಪೂರ್ತಿ ಕಳಚಿ ನೆಲಕ್ಕೆ ಬಿತ್ತು.

ಅಷ್ಟು ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ. ಹಿಂದಿನಿಂದ ಒಂದು ನಗೆ ಶುರುವಾಯಿತು. ವೈಭವಿ ಬಗ್ಗಿ ನೋಡಿದಳು. ಅವಳ ಪಾದಗಳು ನೆಲದ ಮೇಲಿದ್ದವು, ಸೊಂಟದ ಸುತ್ತ ನಾನಿದ್ದೆ. ಎರಡೂ ಕೈಯಿಂದ ನನ್ನ ಅಂಚು ಹಿಡಿದು ಮೇಲೆತ್ತಿದಳು. ಆಮೇಲೆ ಓಡಿದಳು.

ಓಡಿದಳು ಎಂದರೆ ನಾನೂ ಓಡಿದೆ! ಓಣಿಯ ಕೊನೆಯ ನಳದ ಕಟ್ಟೆಯವರೆಗೆ, ಅಲ್ಲಿಂದ ತಿರುವು ತೆಗೆದುಕೊಂಡು ಮರಳಿ ಮನೆಯವರೆಗೆ. ಕಾಗದದ ಗಾಲಿಗಳು ಪಟಪಟ ಎನ್ನುತ್ತಿದ್ದವು. ಅವಳ ಗಂಟಲಿನಿಂದ ಬರುತ್ತಿದ್ದ ಬುರ್ರೆಂಬ ಸದ್ದು ನನ್ನದೇ ಎಂದು ನನಗೆ ಅನಿಸುತ್ತಿತ್ತು. ನಗುತ್ತಿದ್ದವರು ನಗುವುದನ್ನು ಬಿಟ್ಟು ಕೂಗತೊಡಗಿದರು. "ಓಡತೈತಿ! ಖರೇನ ಓಡತೈತಿ! ನನ್ನ ಕೂಡಿಸಿಕೊ! ಮೊದಲ ನನ್ನ!"

ತಳವಿಲ್ಲದ ಕಾರಿನಲ್ಲಿ ಒಮ್ಮೆಗೆ ಮೂವರು ನಿಲ್ಲಬಹುದಿತ್ತು. ಉಳಿದವರು ತಾವು ಕೂತಿದ್ದ ಟೈರುಗಳನ್ನೇ ಎಬ್ಬಿಸಿ, ಕೋಲಿನಿಂದ ಹೊಡೆದು ಉರುಳಿಸುತ್ತ ನನ್ನ ಜೊತೆ ಪಂದ್ಯ ಕಟ್ಟಿದರು. ಸುಮಂಗಲಾ ಬಾವುಟ ಬೀಸಿ ಬೀಸಿ ಸೋತಳು. ತನ್ಮಯ ಯಾರಿಗಿಂತಲೂ ಹೆಚ್ಚು ಸಲ ಓಡಿಸಿದ, ಇಳಿ ಎಂದರೂ ಇಳಿಯಲಿಲ್ಲ. ಸುಳ್ಳಬುರುಕಿ ಎಂಬ ಮಾತು ಅವನ ಬಾಯಿಂದ ಮತ್ತೆ ಬರಲೇ ಇಲ್ಲ.

ಎಲ್ಲರ ಸರದಿ ಮುಗಿದ ಮೇಲೆ ವೈಭವಿ ಸುತ್ತಲೂ ನೋಡಿ, "ಅಜ್ಜಿ ಎಲ್ಲಿ?" ಎಂದಳು. ಹುಡುಗಿ ನನ್ನನ್ನು ತೊಟ್ಟುಕೊಂಡೇ ಪಕ್ಕದ ಸಂದಿಯಿಂದ ಹಿತ್ತಲಿಗೆ ನಡೆದಳು. ಅಜ್ಜಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಪಕ್ಕದಲ್ಲಿಟ್ಟಿದ್ದ ಕೇಕಿನ ತಟ್ಟೆಯನ್ನು ಮುಟ್ಟಿರಲಿಲ್ಲ.

"ಅಜ್ಜಿ, ಬಾ. ನೀ ಇನ್ನೂ ಕಾರಿನ್ಯಾಗ ಕುಂತಿಲ್ಲ."

"ಬ್ಯಾಡವಾ. ನಾ ಕೆಡಿಸಿದಾಕಿ. ಯಾವ ಮಾರಿ ಇಟ್ಕೊಂಡು ಬರ್ಲಿ?"

"ನೀ ಎಲ್ಲಿ ಕೆಡಿಸಿದಿ? ಮೊದಲ ಇದು ಓಡ್ತಿರಲಿಲ್ಲ. ನೀ ನೀರ ಹಾಕಿದ ಮ್ಯಾಲ ಓಡಿತು."

ಅಜ್ಜಿ ತಿರುಗಿ ನೋಡಿದಳು. ಹುಡುಗಿಯ ಕೆಂಪೇರಿದ ಮುಖ, ಟೇಪು ಸುತ್ತಿದ ನನ್ನ ಮೈ, ಕೆಳಗೆ ಧೂಳು ಹಿಡಿದ ಎರಡು ಪುಟ್ಟ ಪಾದ. ಅಜ್ಜಿಯ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ನಗುವೂ ಬಂತು. ಎದ್ದು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

ಮುಂದೆ ಮೊಮ್ಮಗಳು, ಹಿಂದೆ ಅಜ್ಜಿ. ಮೊದಲು ನಡೆದಳು. ನಾಲ್ಕು ಮನೆ ದಾಟುವಷ್ಟರಲ್ಲಿ ಓಡತೊಡಗಿದಳು. ಬಳೆಗಳ ಸದ್ದು, ಏದುಸಿರು, ನಡುನಡುವೆ "ಯವ್ವಾ, ಯವ್ವಾ" ಎಂಬ ಉದ್ಗಾರ. ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದು ನಿಂತರು. ನಳದ ಕಟ್ಟೆ ಮುಟ್ಟಿ ತಿರುಗಿ ಮನೆ ತಲುಪಿದರೂ ಅಜ್ಜಿ ನಿಲ್ಲಲಿಲ್ಲ, ಇನ್ನೊಂದು ಸುತ್ತಿಗೆ ಹೊರಟೇಬಿಟ್ಟಳು. "ಅತ್ತೀ, ಸಾವಕಾಶ!" ಎಂದು ಸುಮಂಗಲಾ ಬಾವುಟ ಹಿಡಿದು ಹಿಂದೆಯೇ ಓಡಿದಳು. ಮಧ್ಯಾಹ್ನ ಬೈದ ಬಾಯಿಯೇ ಈಗ ನಗುತ್ತ ಅಳುತ್ತಿತ್ತು. ಅಷ್ಟು ಸಂತೋಷ ನನ್ನೊಳಗೆ ಯಾವತ್ತೂ ತುಂಬಿರಲಿಲ್ಲ, ಫ್ರಿಜ್ಜಿದ್ದಾಗಂತೂ ಇಲ್ಲವೇ ಇಲ್ಲ.

ಆಮೇಲೆ ನಾನು ಕೈಯಿಂದ ಕೈಗೆ ಹೋದೆ. ಓಣಿಯಲ್ಲಿ ಯಾರ ಹುಟ್ಟುಹಬ್ಬವಿದ್ದರೂ ನನಗೆ ಕರೆ ಬರುತ್ತಿತ್ತು. ಒಂದು ಕಡೆ ನೀಲಿಯಾದೆ, ಇನ್ನೊಂದು ಕಡೆ ಹಳದಿ ಪಟ್ಟಿ ಬಂತು. ತನ್ಮಯನ ಮುಂದಿನ ಹುಟ್ಟುಹಬ್ಬಕ್ಕೂ ಟೆಂಪೋ ಹತ್ತಿ ಹೋಗಿ ಬಂದೆ. ಹಾಗೆ ಓಡಿ ಓಡಿ ಮೂತಿ ಸವೆಯಿತು, ಬದಿ ಜೋತುಬಿತ್ತು. ಕಡೆಗೆ ಮಹಾಂತೇಶ ನನ್ನನ್ನು ಬಿಚ್ಚಿ, ಚೆನ್ನಾಗಿ ಉಳಿದಿದ್ದ ಒಂದು ಬದಿಯನ್ನು ಮಾತ್ರ ಇಟ್ಟುಕೊಂಡ.

ಈಗ ನಾನು ಬರೀ ಒಂದು ಹಾಳೆ. ಸುಮಂಗಲಾಳ ಹೊಲಿಗೆ ಯಂತ್ರದ ಪಕ್ಕ ನೆಲದ ಮೇಲೆ ನನ್ನ ವಾಸ. ನನ್ನ ಮೇಲೆ ಬಟ್ಟೆ ಹಾಸಿ, ಗುರುತು ಹಾಕಿ ಕತ್ತರಿಸುತ್ತಾಳೆ. ಮೈತುಂಬ ಕತ್ತರಿಯ ಗೆರೆಗಳಿವೆ, ನೋವೇನಿಲ್ಲ. ವೈಭವಿ ಈಗ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾಳೆ. ಅಜ್ಜಿ ಮಂಡಿನೋವಿನಿಂದ ಹೆಚ್ಚು ಓಡಾಡುವುದಿಲ್ಲ, ನನ್ನ ಎದುರಿಗೇ ಕೂತು ಶೇಂಗಾ ಸುಲಿಯುತ್ತಾಳೆ. ಇಬ್ಬರಿಗೂ ಹೊತ್ತು ಹೋಗುತ್ತದೆ. ಆ ದಿನ ತಳ ಕಳಚದೆ ಉಳಿದಿದ್ದರೆ ಯಾವುದೋ ಮಹಡಿಯ ಮೂಲೆಯಲ್ಲಿ ಗಟ್ಟಿಯಾಗಿ, ಖಾಲಿಯಾಗಿ ನಿಂತಿರುತ್ತಿದ್ದೆ ಎಂದು ನನಗೆ ಆಗಾಗ ಅನಿಸುವುದುಂಟು.

ಮೊನ್ನೆ ಬ್ಲೌಸಿನ ಅಳತೆ ಕೊಡಲು ಬಂದ ಹೊಸ ಗಿರಾಕಿಯೊಬ್ಬಳು ಬಟ್ಟೆ ಸರಿಸಿ ನನ್ನನ್ನು ನೋಡಿದಳು. "ಇದೇನ್ರಿ, ಕೆಳಗ ಇಷ್ಟು ಬಣ್ಣಬಣ್ಣದ ರಟ್ಟು?"

ಸುಮಂಗಲಾ ಟೇಪು ಹಿಡಿದ ಕೈ ನಿಲ್ಲಿಸದೆ ಹೇಳಿದಳು, "ಅದಾ? ಅದು ನಮ್ಮ ಅತ್ತಿಯವರ ಕಾರ್ ರೀ."

ಮಗಳದು ಎನ್ನಲಿಲ್ಲ, ಗಮನಿಸಿ. ಗಿರಾಕಿ ಏನೂ ತಿಳಿಯದೆ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಮೊರದಿಂದ ತಲೆಯೆತ್ತದೆ ಇನ್ನೊಂದು ಶೇಂಗಾ ಒಡೆದಳು.

"ಛಲೋ ಓಡ್ತಿತ್ತವಾ" ಎಂದಳು. "ಬ್ರೇಕ್ ಒಂದ ಇರಲಿಲ್ಲ."