ಒಂದೇ ಟೆಂಪೋಗೆ ಮೂರು ನಂಬರು

ಏಕಾಂತಯ್ಯನವರ ಮೂರು ಟೆಂಪೋಗಳು ಹಾರನಹಳ್ಳಿಗೂ ಅರಸೀಕೆರೆಗೂ ಓಡಾಡುತ್ತಿದ್ದವು. ಒಂದು ಹೊಸದು. ಉಳಿದೆರಡು ಹಾದುಹೋದರೆ ಹಿಂದಿನ ರಸ್ತೆಯೇ ಕಾಣದಷ್ಟು ಹೊಗೆ. ೨೦೦೨ರಲ್ಲಿ ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇಲ್ಲದ ಗಾಡಿಗಳನ್ನು ಪೊಲೀಸರು ತಡೆಯತೊಡಗಿದಾಗ ಅವರಿಗೊಂದು ಉಪಾಯ ಹೊಳೆಯಿತು.

ತಪಾಸಣೆಯ ವ್ಯಾನು ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನಿಲ್ಲುತ್ತಿತ್ತು. ಅದರಲ್ಲಿದ್ದ ಮೀನಾಕ್ಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿತ್ತು. ಆ ಹುಡುಗಿಗೆ ಗಾಡಿಯ ವಿಷಯ ಏನು ತಿಳಿದೀತು ಎಂಬುದು ಏಕಾಂತಯ್ಯನವರ ಧೈರ್ಯ.

ಬೆಳಿಗ್ಗೆ ಡ್ರೈವರ್ ಕರಿಯಯ್ಯ ಹೊಸ ಟೆಂಪೋ ತಂದ. ಮೀನಾಕ್ಷಿ ಸೈಲೆನ್ಸರಿಗೆ ಕೊಳವೆ ಸಿಕ್ಕಿಸಿ, ಮೀಟರ್ ನೋಡಿ, ಸರ್ಟಿಫಿಕೇಟ್ ಬರೆದುಕೊಟ್ಟಳು. ಕರಿಯಯ್ಯ ಕೊಬ್ಬರಿ ಮಂಡಿಯ ಹಿಂದೆ ಹೋಗಿ ಹಳೆಯ ಟೆಂಪೋ ಒಂದರ ನಂಬರ್ ಪ್ಲೇಟ್ ಕಟ್ಟಿಕೊಂಡು ಬಂದ. ಅದೂ ಪಾಸಾಯಿತು. ಮೂರನೆಯ ಸಲ ಏಕಾಂತಯ್ಯನವರೂ ಜೊತೆಗೆ ಬಂದರು.

ಮೀನಾಕ್ಷಿ ಕೊಳವೆ ಹಿಡಿದು ಬಗ್ಗುವಷ್ಟರಲ್ಲಿ ಟೆಂಪೋದೊಳಗಿಂದ ಮುದುಕಿಯೊಬ್ಬಳು ತಲೆ ಹೊರಗೆ ಹಾಕಿದಳು. ಹಾರನಹಳ್ಳಿಯಲ್ಲಿ ಹತ್ತಿದ್ದ ಹುಚ್ಚಮ್ಮ. ಬಸ್ ಸ್ಟ್ಯಾಂಡ್ ಬರದೆ ಇಳಿಯುವುದಿಲ್ಲವೆಂದು ಕರಿಯಯ್ಯನ ಮಾತಿಗೆ ಸೊಪ್ಪು ಹಾಕದೆ ಕೂತಿದ್ದಳು.

"ಏನವ್ವಾ, ಮೂರು ಸಲ ಇಲ್ಲೇ ನಿಲ್ಲಿಸ್ತಾವ್ನೆ. ನಂಬರ್ ಬೋರ್ಡ್ ಬಿಚ್ಚೋದು, ಕಟ್ಟೋದು. ಬಸ್ ಸ್ಟ್ಯಾಂಡು ಎಷ್ಟು ದೂರ ಐತೆ?"

ಕರಿಯಯ್ಯ ಸ್ಟೀರಿಂಗ್ ಒರೆಸತೊಡಗಿದ. ಏಕಾಂತಯ್ಯ ಗಂಟಲು ಸರಿಮಾಡಿಕೊಂಡರು.

"ಒಂದೇ ಕಂಪ್ನಿ ಗಾಡಿಗಳು ಕಣಮ್ಮ. ಅಣ್ಣತಮ್ಮಂದಿರಂಗೆ ಒಂದೇ ತರ ಕಾಣ್ತವೆ."

"ಈ ಅಜ್ಜಿಗೂ ಅದೇ ತರದ ಅಕ್ಕತಂಗೀರು ಇದಾರಾ ಸರ್? ಮೊದಲೆರಡು ಗಾಡಿಲೂ ಇಂಥೋರೇ ಒಬ್ಬೊಬ್ಬರು ಕೂತಿದ್ರು," ಎಂದಳು ಮೀನಾಕ್ಷಿ.

ಅವಳು ಎರಡನೆಯ ಸರ್ಟಿಫಿಕೇಟ್ ವಾಪಸ್ ಕೇಳಿ ಪಡೆದು ಹರಿದಳು. "ನಾಳೆ ಆ ಎರಡು ಗಾಡಿನೂ ತನ್ನಿ. ಒಂದರಲ್ಲಿ ನೀವೇ ಕೂತ್ಕೊಂಡು ಬನ್ನಿ, ಹಿಂದಿನ ಸೀಟಲ್ಲಿ. ಇಲ್ಲದಿದ್ರೆ ಇವತ್ತಿನ ವಿಷಯ ಮೇಲಿನವರಿಗೆ ಬರೀತೀನಿ."

ತಮ್ಮ ಗಾಡಿಯಲ್ಲಿ ಏಕಾಂತಯ್ಯ ಯಾವತ್ತೂ ಡ್ರೈವರ್ ಪಕ್ಕದಲ್ಲೇ ಕೂತವರು. ಮರುದಿನ ಹಳೆಯ ಟೆಂಪೋ ಒಂದರ ಹಿಂದಿನ ಸೀಟಿನಲ್ಲಿ ಕೂತು, ಇನ್ನೊಂದನ್ನು ಹಿಂದೆ ತರಿಸಿಕೊಂಡು, ಹಾರನಹಳ್ಳಿ ಬಿಟ್ಟು ಒಂದು ಮೈಲಿ ಬರುವಷ್ಟರಲ್ಲಿ ನೆಲದ ತೂತಿನಿಂದ ಹೊಗೆ ನುಗ್ಗಿತು. ಕೆಮ್ಮುತ್ತಿದ್ದ ಅವರಿಗೆ ಪಕ್ಕದಲ್ಲಿದ್ದ ಹೆಂಗಸು, "ಸೆರಗು ಇಲ್ದೋರು ಟವೆಲ್ ತರಬೇಕು ಯಜಮಾನ್ರೇ, ನಾವೆಲ್ಲ ಮೂಗು ಮುಚ್ಕೊಂಡೇ ಬರೋದು" ಎಂದಳು. ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಕೆಂಪು ಕಣ್ಣು, ಕಪ್ಪು ಮೂಗು ಹೊತ್ತು ವ್ಯಾನಿನ ಮುಂದೆ ಇಳಿದ ಏಕಾಂತಯ್ಯ, ಮೀನಾಕ್ಷಿ ಕೊಳವೆ ಎತ್ತಿಕೊಳ್ಳುವ ಮೊದಲೇ ಕೈ ಅಡ್ಡ ಹಿಡಿದರು.

"ಅದೇನೂ ಬ್ಯಾಡ ಕಣಮ್ಮ. ಎರಡೂ ಫೇಲು."

ಎರಡೂ ಟೆಂಪೋ ಹತ್ತು ದಿನ ಗ್ಯಾರೇಜಿನಲ್ಲಿ ನಿಂತವು. ಇಂಜಿನ್ ಬಿಚ್ಚಿ ಕಟ್ಟಿದ ಮೇಲೆ ತಪಾಸಣೆಯಲ್ಲಿ ಪಾಸಾದವು. ಸಂತೋಷಪಡದವನು ಕರಿಯಯ್ಯ ಒಬ್ಬನೇ.

"ಮೊದ್ಲು ದೂರದಲ್ಲಿ ಹೊಗೆ ಕಂಡ್ರೆ ಸಾಕು, ಟೆಂಪೋ ಬಂತು ಅಂತ ಜನ ಹೊಲದಿಂದ ಓಡಿ ಬರೋರು," ಎಂದು ಅವನು ಮೀನಾಕ್ಷಿಯ ಹತ್ತಿರ ಗೊಣಗಿದ. "ಈಗ ಪ್ರತಿ ತಿರುವಿನಲ್ಲೂ ಹಾರನ್ ಹೊಡ್ಕೊಂಡು ಸಾಯ್ಬೇಕು ಮೇಡಂ."